ಡ್ರೈವಿಂಗ್ ಮೇಷ್ಟರ ರೈಲು ಪ್ರಯಾಣ

ಸಿಲ್ವಾನೊನ ಪಾಡು ಹೀಗಾಗಲು ಮೂಲ ಕಾರಣ, ಅವನ ಹೆಂಡತಿ ವಿಲ್ಮಾ ಶುಕ್ರವಾರ ಊಟವಾದ ಮೇಲೆ ತಟ್ಟೆ ತೊಳೆಯುತ್ತ, ಗೋಡೆಯ ಕಡೆ ಮುಖ ಮಾಡಿಕೊಂಡೇ ಆಡಿದ ಒಂದು ಮಾತು.

“ಈ ವರ್ಷ ನನಗೆ ಕಾರು ಬೇಡ. ರೈಲಲ್ಲಿ ಹೋಗ್ಬೇಕು. ಫೆರ್ರಾರಾ, ಬೊಲೋನ್ಯಾ, ಅರೆತ್ಸೊ, ಓರ್ವಿಯೆತೊ. ನಾಲ್ಕು ಊರಲ್ಲೂ ಇಳಿದು ನೋಡ್ಬೇಕು. ಜುಲೈ ಮೊದಲ್ನೇ ಶನಿವಾರ ಹೊರಟ್ರೆ ಆಯ್ತು.”

ಬೇರೆ ಮನೆಯಲ್ಲಾಗಿದ್ದರೆ ಇಂಥ ಮಾತಿಗೆ ಗಂಡನಾದವನು “ನೋಡೋಣ” ಎಂದು ಪೇಪರ್ ಮಗುಚುತ್ತಿದ್ದ. ಆದರೆ ಈ ಮನೆಯಲ್ಲಿ ವಿಲ್ಮಾ ಇಷ್ಟುದ್ದ ಮಾತಾಡಿ ನಾಲ್ಕು ತಿಂಗಳಾಗಿತ್ತು. ಫೆಬ್ರವರಿಯಲ್ಲಿ ಒಮ್ಮೆ ಬಾಯ್ಲರ್ ಕೆಟ್ಟಿದೆ ಎಂದು ವಿವರವಾಗಿ ಹೇಳಿದ್ದಳು, ಅದೂ ರಿಪೇರಿಯವನಿಗೆ. ಆಮೇಲೆ “ಉಪ್ಪು”, “ಬೀಗದ ಕೈ”, “ಹ್ಞೂಂ” ಇಷ್ಟರಲ್ಲೇ ಸಂಸಾರ ಸಾಗಿತ್ತು. ಕ್ರಿಸ್‌ಮಸ್ ಕಳೆದ ವಾರವೇ ಅವಳು ದಿಂಬು ಎತ್ತಿಕೊಂಡು ಹೊಲಿಗೆ ಮಿಷನ್ನಿನ ಕೋಣೆಗೆ ಹೋಗಿದ್ದಳು. ಯಾಕೆ ಎಂದಿದ್ದಕ್ಕೆ ಗೊರಕೆ ಎಂದಿದ್ದಳು. ಇಪ್ಪತ್ತಾರು ವರ್ಷ ಕೇಳಿಸದ ಗೊರಕೆ ಈಗ ಹೇಗೆ ಕೇಳಿಸಿತು ಎಂದು ಕೇಳುವ ಧೈರ್ಯ ಸಿಲ್ವಾನೊನಿಗೆ ಬರಲಿಲ್ಲ. ಕೇಳಿದರೆ ನಿಜವಾದ ಉತ್ತರ ಬಂದುಬಿಟ್ಟೀತು ಎಂದು ಅವನಿಗೆ ಹೆದರಿಕೆ. ವಿಲ್ಮಾ ತನ್ನನ್ನು ಬಿಟ್ಟು ಹೋಗುತ್ತಾಳೆ ಎಂಬ ಅನುಮಾನ ಚಳಿಗಾಲವಿಡೀ ಅವನನ್ನು ಕೊರೆದಿತ್ತು.

ಹಾಗಾಗಿ ಈ ಮಾತು ಅವನಿಗೆ ಕ್ಷಮಾದಾನದ ಹಾಗೆ ಕೇಳಿಸಿತು. ಪ್ರವಾಸ! ಒಂದಲ್ಲ, ನಾಲ್ಕು ಊರು! ಬಿಟ್ಟು ಹೋಗುವ ಯೋಚನೆ ಇದ್ದವಳು ಪ್ರವಾಸದ ಮಾತು ಎತ್ತುತ್ತಾಳೆಯೇ? ಇದು ಕೈತಪ್ಪಿದರೆ ಇನ್ನೊಂದು ಅವಕಾಶ ಸಿಗುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ನಾಳೆ ಸಂಜೆ ಊಟದ ಹೊತ್ತಿಗೆ ಟಿಕೆಟುಗಳನ್ನು ಅವಳ ತಟ್ಟೆಯ ಪಕ್ಕದಲ್ಲಿ ಇಟ್ಟೇ ತೀರುತ್ತೇನೆ ಎಂದು ಪಣ ತೊಟ್ಟು ಮಲಗಿದ.

ತೊಂದರೆ ಏನೆಂದರೆ, ಸಿಲ್ವಾನೊ ಕೊನೆಯ ಸಲ ರೈಲು ಹತ್ತಿದ್ದು ಸೈನ್ಯದಿಂದ ಮನೆಗೆ ಬಂದಾಗ. ಅವನು ಡ್ರೈವಿಂಗ್ ಮೇಷ್ಟ್ರು. ನಮ್ಮೂರು ರೋವಿಗೋದಲ್ಲಿ ಇವತ್ತು ಸ್ಟಿಯರಿಂಗ್ ಹಿಡಿದಿರುವ ಅರ್ಧ ಜನ ಅವನಿಂದ ಬೈಸಿಕೊಂಡು ಕಲಿತವರೇ. ಯಾರದೇ ಕಾರಿನಲ್ಲಿ ಕೂತರೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಪ್ರತಿ ಆಗಸ್ಟಿನಲ್ಲಿ ಗಂಡ ಹೆಂಡತಿ ಇಬ್ಬರೂ ದೂರದ ದಕ್ಷಿಣದ ಸಲೆರ್ನೊದಲ್ಲಿರುವ ಅವನ ಅಕ್ಕನ ಮನೆಗೆ ಕಾರಿನಲ್ಲಿ ಹೋಗುತ್ತಿದ್ದರು. ದಟ್ಟಣೆ ತಪ್ಪಿಸಲು ಜಾಣತನದಿಂದ ಬೆಳಗಿನ ಜಾವ ಮೂರಕ್ಕೇ ಹೊರಡುವುದು. ಇಡೀ ದೇಶವೇ ಅದೇ ಜಾಣತನದಿಂದ ಮೂರಕ್ಕೆ ಹೊರಟಿರುತ್ತಿದ್ದರಿಂದ, ಬೊಲೋನ್ಯಾದ ಬಳಿ ಜಾಣರೆಲ್ಲ ಸಾಲಾಗಿ ನಿಂತಿರುತ್ತಿದ್ದರು. ಹೆದ್ದಾರಿಯ ಹಸಿರು ಫಲಕಗಳಲ್ಲಿ ಫೆರ್ರಾರಾದಿಂದ ಓರ್ವಿಯೆತೊವರೆಗಿನ ಊರುಗಳ ಹೆಸರು ಬರುವುದು, ಹೋಗುವುದು. “ಇಲ್ಲಿ ಅರ್ಧ ಗಂಟೆ ನಿಲ್ಲಿಸ್ತೀಯಾ?” ಎಂದು ವಿಲ್ಮಾ ಕೇಳಿದರೆ ಸಿಲ್ವಾನೊ ಕನ್ನಡಿ ನೋಡುತ್ತ, “ಈಗ ನಿಲ್ಲಿಸಿದ್ರೆ ಹಿಂದೆ ಹಾಕಿದ ಲಾರಿಗಳೆಲ್ಲ ಮತ್ತೆ ಮುಂದೆ ಹೋಗ್ಬಿಡ್ತವೆ” ಎನ್ನುತ್ತಿದ್ದ. ಇಪ್ಪತ್ತಾರು ವರ್ಷದಲ್ಲಿ ಅವನು ಒಂದು ಲಾರಿಯನ್ನೂ ಮುಂದೆ ಹೋಗಲು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ವಿಲ್ಮಾ ಕೆಲಸಕ್ಕೆ ಹೊರಟಳು. ಅವಳಿಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಬೇಸಿಗೆ ರಜೆಗೆ ಮುಂಚೆ ಪಾತ್ರೆಗಳನ್ನೆಲ್ಲ ಉಜ್ಜಿ ಒಳಗಿಡಬೇಕಿತ್ತು. ಅವಳು ಬೀದಿಯ ತಿರುವು ದಾಟಿದ್ದೇ ತಡ, ಸಿಲ್ವಾನೊ ಮೂರನೇ ಮಹಡಿಗೆ ಹತ್ತಿ ಎವಾರಿಸ್ತೊ ಅವರ ಬಾಗಿಲು ಬಡಿದ. ಎವಾರಿಸ್ತೊ ಮೂವತ್ತೇಳು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗಲೂ ಬಾಗಿಲಲ್ಲಿ ಯಾರಾದರೂ ನಿಂತರೆ ಅವರ ಕೈ ತಾನಾಗಿ ಮುಂದೆ ಚಾಚಿಕೊಳ್ಳುತ್ತಿತ್ತು.

“ರೈಲಾ? ನೀನಾ?” ಎಂದು ಮುದುಕರು ಅವನನ್ನು ತಬ್ಬಿಕೊಂಡೇಬಿಟ್ಟರು. “ಬಾರಯ್ಯಾ ಒಳಗೆ! ಇಷ್ಟು ವರ್ಷಕ್ಕೆ ಈ ಬಿಲ್ಡಿಂಗಲ್ಲಿ ಒಬ್ಬನಿಗೆ ಬುದ್ಧಿ ಬಂತು.”

ಅವರು ದಿಂಬಿನಷ್ಟು ದಪ್ಪದ ವೇಳಾಪಟ್ಟಿ ಪುಸ್ತಕ ತಂದು ಮೇಜಿನ ಮೇಲೆ ಇಟ್ಟರು. ಪೆನ್ಸಿಲಿಗೆ ಎಂಜಲು ಹಚ್ಚಿದರು.

“ಎಂಟು ಹದಿನಾಲ್ಕಕ್ಕೆ ಇಲ್ಲಿಂದ ಬಿಡು. ಫೆರ್ರಾರಾದಲ್ಲಿ ಮೂರನೇ ಪ್ಲಾಟ್‌ಫಾರಮ್ಮಿಗೆ ಬರ್ತೀಯ. ಎದುರಿಗೆ ನಾಲ್ಕರಲ್ಲಿ ಬೊಲೋನ್ಯಾ ಗಾಡಿ ನಿಂತಿರುತ್ತೆ. ಎದುರಾಎದುರು ಕಣಯ್ಯಾ! ಮೆಟ್ಟಿಲು ಇಳಿಯೋ ಹಾಗಿಲ್ಲ, ಹತ್ತೋ ಹಾಗಿಲ್ಲ. ಆರೇ ನಿಮಿಷ!” ಎನ್ನುವಾಗ ಅವರ ಕಣ್ಣು ಒದ್ದೆಯಾಯಿತು.

“ಆದ್ರೆ ವಿಲ್ಮಾ ಫೆರ್ರಾರಾ ನೋಡ್ಬೇಕು ಅಂದಿದಾಳೆ.”

“ನೋಡ್ಲಿ, ಕಿಟಕಿಯಿಂದ ಚೆನ್ನಾಗಿ ಕಾಣುತ್ತೆ.”

“ಇಳಿದು ನೋಡ್ಬೇಕಂತೆ.”

“ಊರು ಎಲ್ಲಿ ಹೋಗುತ್ತಯ್ಯಾ? ಐನೂರು ವರ್ಷದಿಂದ ಅಲ್ಲೇ ಇದೆ. ಕನೆಕ್ಷನ್ ಹೋಗುತ್ತೆ!”

ಒಂದು ಗಂಟೆ ಕಳೆಯುವಷ್ಟರಲ್ಲಿ ಎವಾರಿಸ್ತೊ ಹಾಕಿದ ಯೋಜನೆಯಲ್ಲಿ ಒಂಬತ್ತು ಕಡೆ ಗಾಡಿ ಬದಲಾಯಿಸುವುದಿತ್ತು. ಒಂದು ಜಂಕ್ಷನ್ನಿನಲ್ಲಿ ಎರಡು ಗಂಟೆ ಕಾಯುವುದೂ ಇತ್ತು. ಅಲ್ಲಿ ನೋಡಲು ಏನಿದೆ ಎಂದು ಸಿಲ್ವಾನೊ ಕೇಳಿದ್ದಕ್ಕೆ, “ಏನಿದೆ ಅಂದ್ರೆ? ಐದು ಲೈನು ಕೂಡೋ ಜಾಗ ಅದು!” ಎಂದು ಗದರಿದರು. ನಾಲ್ಕು ಊರುಗಳಲ್ಲಿ ಒಂದರಲ್ಲೂ ಹೊರಗೆ ಕಾಲಿಡಲು ಸಮಯ ಸಿಗದಂತೆ ಅವರು ಅದ್ಭುತವಾಗಿ ಹೊಂದಿಸಿದ್ದರು. ಸಿಲ್ವಾನೊ ಕೈಮುಗಿದು, ಪಾಠಕ್ಕೆ ಹೊತ್ತಾಯಿತು ಎಂದು ಸುಳ್ಳು ಹೇಳಿ ಮೆಟ್ಟಿಲು ಇಳಿದ.

ಕೆಳಗೆ ಸಿನ್ಯೋರಾ ಇನೆಸ್ ನಿಂತಿದ್ದರು. ನೆಲಮಹಡಿಯ ಈ ವಿಧವೆಯ ಬಾಗಿಲು ಯಾವಾಗಲೂ ಒಂದು ಗೇಣು ತೆರೆದೇ ಇರುತ್ತದೆ. ಗಾಳಿಗೆ ಎನ್ನುತ್ತಾರೆ, ಆದರೆ ಒಳಗೆ ಹೋಗುವುದು ಗಾಳಿಯಲ್ಲ, ಸುದ್ದಿ.

“ಏನಪ್ಪಾ ಸಿಲ್ವಾನೊ, ಅರೆತ್ಸೊಗೆ ಹೋಗ್ತೀರಂತೆ?”

“ನಿಮಗ್ಯಾರು ಹೇಳಿದ್ರು?”

“ಆ ಎವಾರಿಸ್ತೊ ಮಾತಾಡಿದ್ರೆ ಚರ್ಚಿನ ಗಂಟೆ ಬಡಿದ ಹಾಗಿರುತ್ತಲ್ಲ. ಅರೆತ್ಸೊದಲ್ಲಿ ನನ್ನ ತಂಗಿ ನೆರೀನಾ ಇದಾಳೆ, ಅಲ್ಲೇ ಊಟ ಮಾಡಿ. ಹೋಟೆಲಿಗೆ ಹೋದ್ರೆ ಅವಳು ನೊಂದ್ಕೋತಾಳೆ. ಎರಡು ರಾತ್ರಿ ಇರಿ. ಅವಳ ಗಂಡ ಸ್ವಲ್ಪ ಜಾಸ್ತಿ ಮಾತಾಡ್ತಾನೆ, ಅದೊಂದು ಸಹಿಸ್ಕೊಳ್ಳಿ. ಈಗೆಲ್ಲಿಗೆ, ಸ್ಟೇಷನ್ನಿಗಾ? ತಡಿ, ಚಪ್ಪಲಿ ಹಾಕ್ಕೊಂಡು ಬರ್ತೀನಿ. ನಿನಗೇನು ಗೊತ್ತು ರೈಲು ಅಂದ್ರೆ! ಏನಾದ್ರೂ ಎಡವಟ್ಟು ಮಾಡ್ಕೋತೀಯ.”

ಬೇಡ ಎನ್ನುವಷ್ಟರಲ್ಲಿ ಅವರು ಕೈಚೀಲ ಹಿಡಿದು ಮುಂದೆ ನಡೆದಾಗಿತ್ತು. ದಾರಿಯಲ್ಲಿ ದಿನೊನ ಕ್ಷೌರದಂಗಡಿ. ಇನೆಸ್ ಒಳಗೆ ಇಣುಕಿ, “ದಿನೊ, ಕೇಳಿದ್ಯಾ, ನಮ್ಮ ಸಿಲ್ವಾನೊಗೆ ಇನ್ನು ಕಾರು ಬೇಡವಂತೆ, ರೈಲಂತೆ!” ಎಂದು ಸಂತೋಷದಿಂದ ಸಾರಿದರು.

ಕ್ಷೌರದಂಗಡಿಯಲ್ಲಿ ಒಬ್ಬನ ಮುಖಕ್ಕೆ ನೊರೆ ಹಚ್ಚಿತ್ತು, ಇಬ್ಬರು ಕಾಯುತ್ತಿದ್ದರು. ಅವರು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡ್ರೈವಿಂಗ್ ಮೇಷ್ಟ್ರು ಕಾರು ಬಿಟ್ಟು ರೈಲಿನಲ್ಲಿ ಹೋಗುತ್ತಾನೆಂದರೆ ಅದಕ್ಕೆ ಒಂದೇ ಅರ್ಥ: ಲೈಸೆನ್ಸ್ ಕಿತ್ತುಕೊಂಡಿದ್ದಾರೆ. ಯಾಕೆ ಕಿತ್ತುಕೊಂಡರು ಎನ್ನುವುದನ್ನು ಮಾತ್ರ ಹುಡುಕಬೇಕಿತ್ತು. ನೊರೆಯವನು ಕುಡಿತ ಎಂದ. ಇನ್ನೊಬ್ಬ, ಇಲ್ಲ, ಕಣ್ಣು ಹೋಗಿದೆ, ಮೊನ್ನೆ ನನಗೆ ನಮಸ್ಕಾರ ಹೇಳದೆ ಹೋದ ಎಂದ. ಹತ್ತೂವರೆ ಹೊತ್ತಿಗೆ ಎದುರಿನ ಕಾಫಿ ಅಂಗಡಿಯಲ್ಲಿ, ಸಿಲ್ವಾನೊ ಕಣ್ಣು ಕಾಣದೆ ಸೈಕಲ್ ಮೇಲೆ ಹೋಗುತ್ತಿದ್ದ ಒಬ್ಬ ಸನ್ಯಾಸಿನಿಗೆ ಗುದ್ದಿದ್ದಾನೆ ಎಂದು ತೀರ್ಮಾನವಾಯಿತು. ಸನ್ಯಾಸಿನಿಗೆ ಕಾಲು ಮುರಿದಿದೆ ಎಂದು ಒಬ್ಬರು, ಇಲ್ಲ, ಪಾಪ, ತೀರಿಕೊಂಡರು ಎಂದು ಒಬ್ಬರು.

ಇತ್ತ ಸ್ಟೇಷನ್ನಿನಲ್ಲಿ ಸಿಲ್ವಾನೊ ಸಾಲಿನಲ್ಲಿ ನಿಂತು, ಕೌಂಟರಿನ ಹೆಂಗಸಿಗೆ ನಾಲ್ಕೂ ಊರುಗಳ ಹೆಸರನ್ನು ಬಾಯಿಪಾಠ ಒಪ್ಪಿಸಿದ. ರೋವಿಗೋದಿಂದ ಫೆರ್ರಾರಾಕ್ಕೆ ಎರಡು, ಫೆರ್ರಾರಾದಿಂದ ಬೊಲೋನ್ಯಾಕ್ಕೆ ಎರಡು, ಅಲ್ಲಿಂದ ಅರೆತ್ಸೊಗೆ ಎರಡು, ಅಲ್ಲಿಂದ ಓರ್ವಿಯೆತೊಗೆ ಎರಡು. ಎಂಟು ಟಿಕೆಟು. ಎರಡು ತಿಂಗಳೊಳಗೆ ಯಾವಾಗ ಬೇಕಾದರೂ ಹೋಗಬಹುದು ಎಂದಳು ಆಕೆ. ಇಷ್ಟು ಸುಲಭವಾಗಿ ಕೆಲಸ ಮುಗಿಯಿತೇ ಎಂದು ಸಿಲ್ವಾನೊನಿಗೇ ನಂಬಿಕೆ ಬರಲಿಲ್ಲ. ಎದೆ ಹಗುರಾಗಿ, ಒಂದು ಹಾಡು ಗುನುಗುವ ಮನಸ್ಸಾಯಿತು. ಅಷ್ಟರಲ್ಲಿ ಹನ್ನೊಂದರ ಪಾಠ ನೆನಪಾಗಿ, ಟಿಕೆಟುಗಳನ್ನು ಇನೆಸ್ ಕೈಗೆ ಕೊಟ್ಟು, ತಡವಾಗುತ್ತದೆಂದು ಹೇಳಲು ಗೋಡೆಯ ಫೋನಿಗೆ ಓಡಿದ.

ಫೋನ್ ಎತ್ತಿದ್ದು ಡ್ರೈವಿಂಗ್ ಶಾಲೆಯ ಮಾಲೀಕ ಸ್ಕಾರ್ಪಾ.

“ಹನ್ನೊಂದರ ಪಾಠನಾ? ಹುಡುಗಿಯ ತಾಯಿ ಫೋನ್ ಮಾಡಿ ಬೇಡ ಅಂದ್ಲು. ಹನ್ನೆರಡರದ್ದೂ ಬೇಡವಂತೆ. ಸಂಜೆಯ ಇಬ್ರೂ ಬರಲ್ಲವಂತೆ. ಸಿಲ್ವಾನೊ, ನಿಜ ಹೇಳು. ಆ ಸನ್ಯಾಸಿನಿ ಬದುಕಿದಾಳಾ?”

“ಯಾವ ಸನ್ಯಾಸಿನಿ?”

“ಅಯ್ಯೋ ದೇವ್ರೆ, ನೋಡ್ಲೇ ಇಲ್ಲ ಇವನು!” ಎಂದು ಸ್ಕಾರ್ಪಾ ನರಳಿದ. “ಲೈಸೆನ್ಸ್ ಇದ್ರೆ ತಗೊಂಡು ಈಗಲೇ ಆಫೀಸಿಗೆ ಬಾ.”

ಸಿಲ್ವಾನೊ ಏನೊಂದೂ ಅರ್ಥವಾಗದೆ ಫೋನ್ ಇಟ್ಟು ತಿರುಗಿದ. ಆಗ ಅವನಿಗೆ ಒಂದು ಸದ್ದು ಕೇಳಿಸಿತು. ಪ್ಲಾಟ್‌ಫಾರಮ್ಮಿನ ಬಾಗಿಲ ಪಕ್ಕದ ಕಂಬಕ್ಕೆ ಒಂದು ಹಳದಿ ಪೆಟ್ಟಿಗೆ ಹಾಕಿದ್ದಾರೆ. ರೈಲು ಹತ್ತುವ ಮೊದಲು ಟಿಕೆಟನ್ನು ಅದರ ಬಾಯಿಗೆ ಕೊಟ್ಟು ತಾರೀಖಿನ ಮುದ್ರೆ ಹಾಕಿಸಬೇಕು. ಮುದ್ರೆ ಬಿದ್ದ ಮೇಲೆ ಆ ಟಿಕೆಟಿನ ಆಯಸ್ಸು ಕೆಲವೇ ಗಂಟೆ. ಮುದ್ರೆ ಇಲ್ಲದೆ ಹತ್ತಿದರೆ ದಂಡ. ಆ ದಂಡದ ಭಯ ನಮ್ಮವರಿಗೆ ನರಕದ ಭಯಕ್ಕಿಂತ ಒಂದು ಕೈ ಹೆಚ್ಚು. ಸಿನ್ಯೋರಾ ಇನೆಸ್ ಕನ್ನಡಕ ಏರಿಸಿಕೊಂಡು ಆ ಪೆಟ್ಟಿಗೆಯ ಮುಂದೆ ನಿಂತಿದ್ದರು. ಟಕ್. ಟಕ್. ಟಕ್.

“ಎಂಟಕ್ಕೂ ಹಾಕಿಸ್ಬಿಟ್ಟೆ!” ಎಂದರು, ಹಬ್ಬಕ್ಕೆ ಮನೆ ಸಾರಿಸಿ ಮುಗಿಸಿದವರ ಮುಖದಲ್ಲಿ. “ನಮ್ಮ ಬಾವ ಒಂದ್ಸಲ ಮರೆತು ದಂಡ ಕಟ್ಟಿದ್ರು. ಅವತ್ತೇ ತೀರ್ಮಾನ ಮಾಡಿದೆ, ನಮ್ಮೋರು ಯಾರೂ ಮರೀಬಾರ್ದು ಅಂತ. ಈಗ ನೀವು ನಿಶ್ಚಿಂತೆಯಿಂದ ಹೋಗ್ಬಹುದು.”

“ಸಿನ್ಯೋರಾ, ನಾವು ಹೋಗೋದು ಜುಲೈಗೆ.”

“ಹೌದಾ? ಹಾಗಾದ್ರೆ ಇನ್ನೂ ಒಳ್ಳೇದು. ಮುಂಚೆನೇ ಆಯ್ತು.”

ಸಿಲ್ವಾನೊ ಟಿಕೆಟುಗಳನ್ನು ನೋಡಿದ. ಎಂಟರ ಮೇಲೂ ಇವತ್ತಿನ ತಾರೀಖು, ಹನ್ನೊಂದು ಗಂಟೆ ಏಳು ನಿಮಿಷ, ಹನ್ನೊಂದು ಎಂಟು. ಕೌಂಟರಿಗೆ ಹೋಗಿ ತೋರಿಸಿದ. ಆ ಹೆಂಗಸು ಒಂದೊಂದನ್ನೇ ಬೆಳಕಿಗೆ ಹಿಡಿದು, “ಎಷ್ಟು ಚೆನ್ನಾಗಿ ಬಿದ್ದಿದೆ. ಸಾಮಾನ್ಯವಾಗಿ ನಮ್ಮ ಪೆಟ್ಟಿಗೆಲಿ ಶಾಯಿನೇ ಇರಲ್ಲ” ಎಂದಳು. ಆಮೇಲೆ ತಲೆಯಾಡಿಸಿದಳು. ಈಗಲೇ ಹೊರಟರೆ ಫೆರ್ರಾರಾವರೆಗೆ, ಹೆಚ್ಚೆಂದರೆ ಬೊಲೋನ್ಯಾವರೆಗೆ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಕಾಗದ ಎಂದಳು. ಇನೆಸ್‌ಗೆ ತಮ್ಮ ತಪ್ಪು ತಿಳಿಯುವಷ್ಟರಲ್ಲಿ ಸಿಲ್ವಾನೊ ಆಚೆ ಹೋಗಿದ್ದ. ಬೈಯಲು ಅವನಿಗೆ ಮನಸ್ಸಾಗಲಿಲ್ಲ; ಆ ಮುದುಕಿಯ ಮುಖದಲ್ಲಿದ್ದ ತೃಪ್ತಿ ಅಂಥದು.

ಡ್ರೈವಿಂಗ್ ಶಾಲೆಯಲ್ಲಿ ಸ್ಕಾರ್ಪಾ ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, ಅದು ನಿಜವಾದದ್ದೇ ಎಂದು ಖಾತ್ರಿ ಮಾಡಿಕೊಂಡ. ಆದರೆ ಅದರಿಂದ ಅವನ ಸಿಟ್ಟು ಇಳಿಯುವ ಬದಲು ಏರಿತು.

“ಲೈಸೆನ್ಸ್ ಇದೆ. ಕಣ್ಣೂ ಇದೆ. ಕಾರೂ ಇದೆ. ಆದ್ರೂ ರೈಲಲ್ಲಿ ಹೋಗ್ತೀಯ?”

“ಹೆಂಡತಿಗೆ ಆಸೆ.”

“ನಿನ್ನ ಹೆಂಡತಿ ಆಸೆಗೆ ನನ್ನ ಅಂಗಡಿ ಮುಚ್ಚಲಾ? ಮಾಂಸದಂಗಡಿಯವನೇ ಸೊಪ್ಪು ತಿನ್ನೋಕೆ ಶುರು ಮಾಡಿದ್ರೆ ಗಿರಾಕಿ ಏನಂದ್ಕೋತಾನೆ? ಕಾರು ಕಲಿಸೋನೇ ಸ್ಟೇಷನ್ನಲ್ಲಿ ಕ್ಯೂ ನಿಂತಿದಾನೆ ಅಂತ ಊರೆಲ್ಲ ಆಡ್ಕೋತಿದೆ. ನೋಡು, ಹೋಗೋದಿದ್ರೆ ಕಾರಲ್ಲಿ ಹೋಗು. ಮೇಲೆ ನಮ್ಮ ಶಾಲೆ ಬೋರ್ಡ್ ಹಾಕ್ಕೊಂಡು ಹೋಗು. ಪೆಟ್ರೋಲು ನಾನು ಹಾಕಿಸ್ತೀನಿ.”

ಬೇರೆ ದಿನವಾಗಿದ್ದರೆ ಸಿಲ್ವಾನೊ ಹ್ಞೂಂ ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವನು ಸ್ಕಾರ್ಪಾಗೆ ಒಮ್ಮೆಯೂ ಎದುರಾಡಿರಲಿಲ್ಲ. ಆದರೆ ಈಗ ಅವನ ಕಣ್ಣ ಮುಂದೆ ಗೋಡೆಯ ಕಡೆ ಮುಖ ಮಾಡಿ ತಟ್ಟೆ ತೊಳೆಯುವ ವಿಲ್ಮಾಳ ಬೆನ್ನು ಬಂತು.

“ಇಲ್ಲ,” ಎಂದ. “ರೈಲಲ್ಲೇ ಹೋಗೋದು.”

“ಸರಿ ಹಾಗಾದ್ರೆ,” ಎಂದ ಸ್ಕಾರ್ಪಾ. “ಇನ್ಮೇಲೆ ನೀನು ಒಳಗೆ ಕೂತು ಬೋರ್ಡಿನ ಪಾಠ ಮಾಡು. ಎಡಕ್ಕೆ ತಿರುಗಬಾರದು, ಹಾರ್ನ್ ಹಾಕಬಾರದು, ಅದೆಲ್ಲ. ಗಾಡಿ ಬೇರೆಯವನಿಗೆ ಕೊಡ್ತೀನಿ. ಕೀ ಇಲ್ಲಿಡು.”

ಸಿಲ್ವಾನೊ ಕೀ ಮೇಜಿನ ಮೇಲಿಟ್ಟ. ಹೊರಗೆ ಬಂದು ನಿಂತಾಗ, ಅಳು ಬರಬೇಕಾದ ಜಾಗದಲ್ಲಿ ಅವನಿಗೆ ಒಂದು ಬಗೆಯ ಸಂತೋಷ ಬಂತು. ಅವಳಿಗಾಗಿ ಇಷ್ಟು ವರ್ಷದಲ್ಲಿ ತಾನು ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ಒಂದು ಅರ್ಧ ಗಂಟೆಯನ್ನು ಕೂಡ. ಇವತ್ತು ಬಿಟ್ಟುಕೊಟ್ಟೆ ಎನಿಸಿತು. ಇದನ್ನು ವಿಲ್ಮಾಗೆ ಈಗಲೇ ಹೇಳಬಾರದು, ಓರ್ವಿಯೆತೊದಲ್ಲಿ ಯಾವುದಾದರೂ ಕಟ್ಟೆಯ ಮೇಲೆ ಕೂತಾಗ ಹೇಳಬೇಕು ಎಂದು ಅಂದುಕೊಂಡ.

ಸ್ವಂತ ಕಾರಿಗೆ ಹೊಸ ಟೈರು ಹಾಕಿಸಲು ಎತ್ತಿಟ್ಟಿದ್ದ ಹಣವಿತ್ತು. ಅದನ್ನು ಮನೆಯಿಂದ ತೆಗೆದುಕೊಂಡು ಸಂಜೆ ನಾಲ್ಕಕ್ಕೆ ಮತ್ತೆ ಸ್ಟೇಷನ್ನಿಗೆ ಹೋಗಿ ಮತ್ತೆ ಎಂಟು ಟಿಕೆಟು ಕೊಂಡ. ಕೌಂಟರಿನ ಹೆಂಗಸು, “ಆ ಅಜ್ಜಿ ಎಲ್ಲಿ?” ಎಂದು ಅವನ ಹಿಂದೆ ಇಣುಕಿ ನೋಡಿದ ಮೇಲೆಯೇ ಟಿಕೆಟು ಕೈಗೆ ಕೊಟ್ಟಳು. ಅವನು ಅವುಗಳನ್ನು ಅಂಗಿಯ ಒಳಗೆ, ಬನಿಯನ್ನಿಗೆ ತಾಗುವಂತೆ ಇಟ್ಟುಕೊಂಡ. ಹಳದಿ ಪೆಟ್ಟಿಗೆಯನ್ನು ಕಚ್ಚುವ ನಾಯಿಯನ್ನು ದಾಟುವಂತೆ ದೂರದಿಂದ ದಾಟಿದ.

ಮನೆಗೆ ನಡೆಯುವುದು ಇನ್ನೊಂದು ಫಜೀತಿ. ಊರಿಗೆಲ್ಲ ಅವನ ಕಣ್ಣು ಹೋಗಿದೆ ಎಂದು ಗೊತ್ತಾಗಿಬಿಟ್ಟಿತ್ತು. ಔಷಧಿ ಅಂಗಡಿಯ ಮುಂದೆ ಇಬ್ಬರು ಹೆಂಗಸರು ಅವನ ಎರಡೂ ತೋಳು ಹಿಡಿದು ರಸ್ತೆ ದಾಟಿಸಿದರು. ಅವನಿಗೆ ಆ ಕಡೆ ಹೋಗಬೇಕಾಗಿರಲಿಲ್ಲ. ಅವರು ಹೋದ ಮೇಲೆ ವಾಪಸ್ ದಾಟಲು ಹೊರಟರೆ ಬಸ್ಸೊಂದು ಗಕ್ಕನೆ ನಿಂತಿತು. ಅದರ ಡ್ರೈವರ್ ಅವನ ಹಳೇ ಶಿಷ್ಯ. ಅವನು ಇಳಿದು ಬಂದು, ಹಿಂದಿನ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿದು, “ನಿಧಾನ ಮೇಷ್ಟ್ರೇ, ಎಡಗಡೆ ಗುಂಡಿ ಇದೆ” ಎಂದು ದಾಟಿಸಿದ. ಬಸ್ಸಿನೊಳಗಿನ ಜನ ಲೊಚಗುಟ್ಟಿದರು. ಯಾರೋ ಒಬ್ಬಳು, “ಪಾಪ, ಆ ಸನ್ಯಾಸಿನಿ ಶಾಪ” ಎಂದದ್ದು ಕಿಟಕಿಯಿಂದ ಕೇಳಿಸಿತು. ಸಿಲ್ವಾನೊ ಎದೆಗೆ ಕೈ ಒತ್ತಿ ಟಿಕೆಟು ಇದೆಯೇ ಎಂದು ನೋಡಿಕೊಳ್ಳುತ್ತ ನಡೆದ. ಅದನ್ನು ಕಂಡವರು ಹೃದಯವೂ ಕೆಟ್ಟಿದೆ ಎಂದು ಸೇರಿಸಿದರು.

ಏಳೂವರೆಗೆ ವಿಲ್ಮಾ ಬಟಾಣಿ ಅನ್ನದ ಪಾತ್ರೆ ತಂದು ಮೇಜಿನ ಮೇಲಿಟ್ಟಳು. ಜೂನ್ ತಿಂಗಳ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು. ಅವಳ ತಟ್ಟೆಯ ಪಕ್ಕ, ಫೋರ್ಕಿನ ಕೆಳಗೆ, ಟಿಕೆಟುಗಳ ಕಟ್ಟು.

“ಇದೇನು?”

“ನೋಡು.”

ಅವಳು ಕೈ ಒರೆಸಿಕೊಂಡು, ನಿಂತೇ ಓದಿದಳು. “ರೋವಿಗೋದಿಂದ ಫೆರ್ರಾರಾ. ಫೆರ್ರಾರಾದಿಂದ ಬೊಲೋನ್ಯಾ.” ಓದುತ್ತ ಓದುತ್ತ ಅವಳ ಮುಖ ಸಡಿಲವಾಯಿತು. ಓರ್ವಿಯೆತೊ ಬಂದಾಗ ನಕ್ಕೇಬಿಟ್ಟಳು. ಆ ನಗುವನ್ನು ಸಿಲ್ವಾನೊ ಕ್ರಿಸ್‌ಮಸ್‌ನಿಂದ ನೋಡಿರಲಿಲ್ಲ.

“ನೀನೇ ಹೋಗಿ ತಂದ್ಯಾ? ಸ್ಟೇಷನ್ನಿಗೆ?”

“ಎರಡು ಸಲ ಹೋದೆ.”

“ನೀನು ಹೀಗೆ ಮಾಡ್ತೀಯ ಅಂತ ನಾನು ಅಂದ್ಕೊಂಡೇ ಇರಲಿಲ್ಲ, ಸಿಲ್ವಾನೊ.” ಅವಳು ಕುಳಿತಳು. ಅವನ ಕೈ ಮೇಲೆ ಕೈ ಇಟ್ಟಳು. ಆಮೇಲೆ ಟಿಕೆಟುಗಳನ್ನು ಮತ್ತೊಮ್ಮೆ ಬಿಡಿಸಿ, “ಎರಡೆರಡು ಯಾಕಿದೆ?” ಎಂದು ಕೇಳಿದಳು.

ಸಿಲ್ವಾನೊ ಜೋರಾಗಿ ನಕ್ಕ. “ಅಯ್ಯೋ, ಆ ಕತೆ ನಿನಗೂ ಬಂತಾ!” ಎಂದು ಇನೆಸ್ ಮುದ್ರೆ ಹಾಕಿಸಿದ್ದನ್ನು ಹೇಳಲು ಶುರು ಮಾಡಿದ. ಅಲ್ಲಿಂದ ಸನ್ಯಾಸಿನಿ, ಎವಾರಿಸ್ತೊ ಅವರ ಆರು ನಿಮಿಷ, ರಸ್ತೆ ದಾಟಿಸಿದ ಹೆಂಗಸರು, ಬಸ್ಸು, ಎಲ್ಲ ಬಂತು. ಕೀ ಕೊಟ್ಟು ಬಂದದ್ದೊಂದನ್ನು ಬಿಟ್ಟ. ವಿಲ್ಮಾ ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಡುಗೆಮನೆಯಲ್ಲಿ ಇಬ್ಬರೂ ಸೇರಿ ನಕ್ಕು ಎಷ್ಟು ವರ್ಷವಾಗಿತ್ತೋ.

“ಹಾಳಾದ ಟಿಕೆಟು ಇಲ್ಲಿವೆ ನೋಡು, ಕೋಟಿನ ಜೇಬಲ್ಲಿ. ಇವು ಹೊಸವು,” ಎಂದ ಅವನು ಕೊನೆಗೆ.

ವಿಲ್ಮಾ ಕಣ್ಣು ಒರೆಸಿಕೊಂಡಳು. “ಅದಲ್ಲ ನಾನು ಕೇಳಿದ್ದು. ಹೊಸದರಲ್ಲೂ ಎರಡೆರಡಿದೆ.”

“ಹೌದು. ನಿನಗೊಂದು, ನನಗೊಂದು.”

ಅವಳು ಟಿಕೆಟುಗಳನ್ನು ಮೇಜಿನ ಮೇಲಿಟ್ಟಳು. ಮುಖದ ನಗು ಎಲ್ಲಿ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಉಳಿದಿತ್ತು.

“ನೀನೂ ಬರ್ತೀಯಾ?” ಎಂದಳು.

ಸಿಲ್ವಾನೊ ಟಿಕೆಟುಗಳ ಕಡೆ ಕೈ ತೋರಿಸಿದ.

“ನಾನು ಹೋಗ್ತೀನಿ ಅಂದಾಗ ನೀನು ಏನೂ ಅನ್ನಲಿಲ್ಲ. ಅರ್ಥ ಆಯ್ತು ಅಂದ್ಕೊಂಡೆ. ಈಗ ಟಿಕೆಟ್ ನೋಡಿದ ತಕ್ಷಣ, ತಾನೇ ಖುದ್ದಾಗಿ ಕಳಿಸಿಕೊಡ್ತಿದಾನೆ, ಎಷ್ಟು ದೊಡ್ಡ ಮನಸ್ಸು ಅಂತ...” ಅವಳು ಹಣೆಗೆ ಕೈ ಇಟ್ಟುಕೊಂಡಳು. “ಎಂಥಾ ಕೆಲಸ ಆಯ್ತು. ನಾನು ಒಬ್ಬಳೇ ಹೋಗೋದು, ಸಿಲ್ವಾನೊ.”

“ನಾನು ಮಾತಾಡಲ್ಲ ದಾರಿಲಿ,” ಎಂದ ಅವನು ಆತುರದಿಂದ. “ಎಲ್ಲಿ ಬೇಕಾದ್ರೂ ಇಳಿ, ಎಷ್ಟು ಹೊತ್ತು ಬೇಕಾದ್ರೂ ನೋಡು. ರೈಲಲ್ಲಿ ಲಾರಿ ಕಾಟಾನೂ ಇಲ್ಲ.”

“ನನಗೆ ನಿನ್ನ ಮೇಲೆ ಕೋಪ ಇಲ್ಲ. ಕೋಪ ಇದ್ದಿದ್ರೆ ಜಗಳ ಆಡ್ತಿದ್ದೆ, ನಿನಗೂ ಗೊತ್ತು. ಇಪ್ಪತ್ತಾರು ವರ್ಷ ನಿನ್ನ ಪಕ್ಕದ ಸೀಟಲ್ಲಿ ಕೂತೆ. ಎಲ್ಲಿ ಹೋಗ್ಬೇಕು, ಎಲ್ಲಿ ನಿಲ್ಲಬೇಕು ಅಂತ ನಾನೇ ಹೇಳ್ಕೊಂಡ್ರೆ ಹೇಗಿರುತ್ತೆ, ಒಂದ್ಸಲ ನೋಡ್ಬೇಕು. ಕಾರು ಓಡಿಸೋಕೆ ನನಗೆ ಬರಲ್ಲ. ಊರಿಗೆಲ್ಲ ಕಲಿಸ್ದೆ, ನನಗೆ ಕಲಿಸ್ಲಿಲ್ಲ. ಅದಕ್ಕೇ ರೈಲು ಅಂದೆ.”

ಸಿಲ್ವಾನೊ ತಲೆಯಾಡಿಸಿದ. ಅವನಿಗೆ ಬಹಳ ದುಃಖವಾಯಿತು, ಆದರೆ ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಏನಾದರೂ ಉಪಯೋಗಕ್ಕೆ ಬರುವ ಮಾತು ಆಡಬೇಕು ಎನಿಸಿತು. ಆಗಲೇ ಅವನಿಗೆ ಹೊಳೆದದ್ದು, ವಾಪಸ್ ಬರುವ ಟಿಕೆಟನ್ನು ತಾನು ಕೊಂಡೇ ಇಲ್ಲ ಎಂದು. ಎರಡು ಸಲ ಕೌಂಟರಿನ ಮುಂದೆ ನಿಂತರೂ ಅದು ತಲೆಗೆ ಬಂದಿರಲಿಲ್ಲ. ಕಾರಿನವನಿಗೆ ವಾಪಸ್ ಬರುವುದು ಬೇರೆಯದೇ ಆದ ಒಂದು ಕೆಲಸವಲ್ಲ; ಗಾಡಿ ತಿರುಗಿಸಿದರೆ ಆಯಿತು, ಪಕ್ಕದಲ್ಲಿ ಕೂತವರೂ ಬಂದೇ ಬರುತ್ತಾರೆ.

“ಬರೋ ಟಿಕೆಟು ಮರೆತೇಬಿಟ್ಟಿದೀನಿ,” ಎಂದ. “ಸೋಮವಾರ ಬೆಳಿಗ್ಗೆ ಹೋಗಿ ತರ್ತೀನಿ.” ಸ್ವಲ್ಪ ತಡೆದು, “ಒಂದೇ ತರ್ತೀನಿ” ಎಂದ.

ವಿಲ್ಮಾ ನಾಲ್ಕು ಟಿಕೆಟು ಆರಿಸಿ ತನ್ನ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಉಳಿದ ನಾಲ್ಕನ್ನು ಅಂಚು ಕೂಡುವಂತೆ ಜೋಡಿಸಿ ಅವನ ತಟ್ಟೆಯ ಪಕ್ಕ ಇಟ್ಟಳು. ಆಮೇಲೆ ಅನ್ನದ ಸೌಟು ಕೈಗೆತ್ತಿಕೊಂಡಳು.

“ಬೇಡ, ಸಿಲ್ವಾನೊ,” ಎಂದಳು ಮೆಲ್ಲಗೆ. “ಅದನ್ನ ಈಗಲೇ ತರಬೇಡ. ಅನ್ನ ಆರ್ತಿದೆ, ಊಟ ಮಾಡು.”